ಹಳೇ ಫ್ರಿಜ್ಜನ್ನು ಮಾಂಸದ ಹೊಗೆಪೆಟ್ಟಿಗೆ ಮಾಡುವುದು: ಮೊದಲು ಬಿಚ್ಚಿ, ಆಮೇಲೆ ಕಟ್ಟಿ

ಹಳೇ ಫ್ರಿಜ್ಜಿನಲ್ಲಿ ಸ್ಮೋಕರ್ (ಮಾಂಸವನ್ನು ಹೊಗೆಯಲ್ಲಿ ಬೇಯಿಸುವ ಪೆಟ್ಟಿಗೆ) ಮಾಡಲು ಹೋಗಿ ಸೋತವರ ದೂರು ಹೆಚ್ಚುಕಮ್ಮಿ ಮೂರೇ. ಒಳಗೋಡೆ ಕರಗಿ ಮಾಂಸಕ್ಕೆ ಪ್ಲಾಸ್ಟಿಕ್ ವಾಸನೆ ಹಿಡಿಯಿತು. ಮಾಂಸ ಬೆಂದಿತು, ಆದರೆ ಬಾಯಿಗಿಟ್ಟರೆ ಕಹಿ. ಅರ್ಧ ಗಂಟೆ ಚೆನ್ನಾಗಿ ಹೊಗೆ ಬಂತು, ಆಮೇಲೆ ನಿಂತೇ ಹೋಯಿತು. ಮೂರಕ್ಕೂ ಕಾರಣ ಬೇರೆಬೇರೆ. ತಪ್ಪಿರುವುದು ಮಾತ್ರ ಒಂದೇ ಕಡೆ, ಕೆಲಸದ ಕ್ರಮದಲ್ಲಿ. ಎಲ್ಲರೂ ಹೀಟರ್ ತಂದು ಶುರುಮಾಡುತ್ತಾರೆ. ಹೀಟರ್ ಬರಬೇಕಾದ್ದು ಆರನೇ ಹಂತದಲ್ಲಿ.

ಇಲ್ಲಿ ಕೊಟ್ಟಿರುವ ಅಳತೆಗಳು ಸುಮಾರು 165 ಲೀಟರಿನ ಸಿಂಗಲ್ ಡೋರ್ ಫ್ರಿಜ್ಜಿಗೆ, 80ರಿಂದ 120 ಡಿಗ್ರಿ ಸೆಲ್ಸಿಯಸ್‌ನ ಬಿಸಿ ಹೊಗೆಗೆ. 30 ಡಿಗ್ರಿಗಿಂತ ಕೆಳಗೆ ದಿನಗಟ್ಟಲೆ ಕೊಡುವ ತಣ್ಣನೆ ಹೊಗೆಯ ವಿಷಯ ಇಲ್ಲಿಲ್ಲ. ನಮ್ಮ ಬಹುಪಾಲು ಊರುಗಳಲ್ಲಿ ಬೇಸಿಗೆಯ ನೆರಳೇ ಅದಕ್ಕಿಂತ ಬಿಸಿ. ಆ ಶಾಖದಲ್ಲಿ ಹಸಿ ಮಾಂಸ ನೇತುಹಾಕಿದರೆ ಹೊಗೆಗಿಂತ ಮೊದಲು ರೋಗಾಣು ಕೆಲಸ ಮುಗಿಸಿರುತ್ತದೆ.

1. ಫ್ರಿಜ್ ಆರಿಸುವುದು

ಗುಜರಿ ಅಂಗಡಿಗೆ ಹೋಗುವಾಗ ಜೇಬಿನಲ್ಲೊಂದು ಮ್ಯಾಗ್ನೆಟ್ ಇರಲಿ. ಫ್ರಿಜ್ಜಿನ ಒಳಗೋಡೆಗೆ ಹಿಡಿದು ನೋಡಿ. ಅಂಟಿಕೊಂಡರೆ ಅದು ಎನಾಮಲ್ ಬಳಿದ ಕಬ್ಬಿಣ: ಬಹಳ ಹಳೆಯದು, ಸಿಕ್ಕರೆ ಬಿಡಬೇಡಿ, ಅರ್ಧ ಕೆಲಸ ಉಳಿಯಿತು. ಆದರೆ ಎನಾಮಲ್ ಎದ್ದು ತುಕ್ಕು ಕಂಡರೆ ಅದನ್ನೂ ಪ್ಲಾಸ್ಟಿಕ್ಕಿನಂತೆಯೇ ಕಿತ್ತು ಬದಲಿಸಬೇಕು. ಈಗ ಸಿಗುವ ಬಹುತೇಕ ಫ್ರಿಜ್ಜುಗಳಿಗೆ ಮ್ಯಾಗ್ನೆಟ್ ಅಂಟುವುದಿಲ್ಲ, ಒಳಗಿರುವುದು ಪ್ಲಾಸ್ಟಿಕ್.

ಇನ್ನೊಂದು ಪರೀಕ್ಷೆ ಬೆನ್ನಿನ ಕಡೆ. ಹಿಂಬದಿಯಲ್ಲಿ ಗ್ಯಾಸ್ ಕೊಳವೆಗಳ ಕರೀ ಜಾಲರಿ ಹೊರಗೇ ಕಾಣುವ ಫ್ರಿಜ್ಜನ್ನೇ ತೆಗೆದುಕೊಳ್ಳಿ. ಜಾಲರಿ ಕಾಣದಿದ್ದರೆ ಆ ಕೊಳವೆಗಳು ಪಕ್ಕದ ಗೋಡೆಯಲ್ಲಿ ಶಾಖ ತಡೆಯಲು ತುಂಬಿರುವ ಫೋಮಿನೊಳಗೆ ಹೂತಿರುತ್ತವೆ. ಫೋಮ್ ಕೆರೆಯುವಾಗ ಒಂದೊಂದನ್ನೂ ಬಿಡಿಸುತ್ತಾ ಕೂರಬೇಕಾಗುತ್ತದೆ. ಡಬಲ್ ಡೋರ್ ಫ್ರಾಸ್ಟ್‌ಫ್ರೀ ಫ್ರಿಜ್ ಬೇಡವೇ ಬೇಡ.

2. ಗ್ಯಾಸ್ ಖಾಲಿ ಮಾಡಿಸುವುದು

ಕಂಪ್ರೆಸರ್ ಮೇಲಿನ ಅಥವಾ ಬೆನ್ನಿನ ಲೇಬಲ್ ಓದಿ. ಆರ್-12 ಅಥವಾ ಆರ್-134ಎ ಎಂದಿದ್ದರೆ ಬೆಂಕಿ ಹತ್ತುವ ಗ್ಯಾಸಲ್ಲ, ಆದರೆ ಜ್ವಾಲೆಗೆ ಸಿಕ್ಕಿದರೆ ವಿಷದ ಹೊಗೆಯಾಗುತ್ತದೆ. ಆರ್-600ಎ ಎಂದಿದ್ದರೆ ಅದು ಐಸೊಬ್ಯುಟೇನ್, ಹೆಚ್ಚುಕಡಿಮೆ ಅಡುಗೆ ಗ್ಯಾಸಿನ ಸೋದರ. ಯಾವುದೇ ಇರಲಿ, ಕೊಳವೆಗೆ ನೀವೇ ಗರಗಸ ಹಾಕಬೇಡಿ. ಗ್ಯಾಸ್ ಹಿಂದಕ್ಕೆ ಎಳೆದು ಸಿಲಿಂಡರಿಗೆ ತುಂಬುವ ರಿಕವರಿ ಮೆಷಿನ್ ಇರುವ ಫ್ರಿಜ್ ಮೆಕ್ಯಾನಿಕ್‌ನನ್ನು ಕರೆಸಿ, ಅವನ ಕೈಯಲ್ಲೇ ಕಂಪ್ರೆಸರ್, ಜಾಲರಿ, ಫ್ರೀಜರ್ ಪೆಟ್ಟಿಗೆ ಬಿಚ್ಚಿಸಿ. ಕಂಪ್ರೆಸರಿಗೆ ಗುಜರಿಯಲ್ಲಿ ಬೆಲೆಯಿದೆ. ಮೆಕ್ಯಾನಿಕ್ಕಿನ ಕೂಲಿಯಲ್ಲಿ ಒಂದು ಪಾಲು ಅಲ್ಲೇ ಹುಟ್ಟುತ್ತದೆ.

3. ಬಿಚ್ಚುವುದು: ಯಾರಿಗೂ ಬೇಡವಾದ ಕೆಲಸ

ಪ್ಲಾಸ್ಟಿಕ್ ಒಳಗೋಡೆಯ ಮೇಲೆ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿ ಸ್ಮೋಕರ್ ಮಾಡುವವರಿದ್ದಾರೆ. ಫಾಯಿಲ್ ಶಾಖವನ್ನು ತಡೆಯುವುದಿಲ್ಲ, ದಾಟಿಸುತ್ತದೆ. ಒಳಗೆ 100 ಡಿಗ್ರಿ ಆಗುತ್ತಿದ್ದಂತೆ ಹಿಂದಿನ ಪ್ಲಾಸ್ಟಿಕ್ ಮೆತ್ತಗಾಗಿ ಜೋತುಬೀಳುತ್ತದೆ. ಅದರ ಹಿಂದಿರುವ ಹಳದಿ ಪಾಲಿಯುರೆಥೇನ್ ಫೋಮ್‌ಗೆ ಬೆಂಕಿ ತಗಲಿದರೆ ಹೊರಡುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಕೂಡ ಇರುತ್ತದೆ. ಹಾಗಾಗಿ ಎರಡನ್ನೂ ಪೂರ್ತಿ ತೆಗೆಯಬೇಕು, ಮೂಲೆಯಲ್ಲಿ ಸ್ವಲ್ಪ ಉಳಿಯಿತು ಬಿಡಿ ಅನ್ನುವ ಹಾಗಿಲ್ಲ.

ಬಾಗಿಲಿನಿಂದ ಆರಂಭಿಸಿ. ರಬ್ಬರ್ ಗ್ಯಾಸ್ಕೆಟ್ ಎತ್ತಿದರೆ ಕೆಳಗೆ ಸಾಲು ಸ್ಕ್ರೂಗಳಿರುತ್ತವೆ. ಬಿಚ್ಚಿದರೆ ಬಾಗಿಲ ಒಳಪದರ ಕೈಗೆ ಬರುತ್ತದೆ. ಗ್ಯಾಸ್ಕೆಟ್ ಎಸೆಯಿರಿ, ಅದು ಈ ಶಾಖ ತಡೆಯುವುದಿಲ್ಲ.

ಪೆಟ್ಟಿಗೆಯ ಪ್ಲಾಸ್ಟಿಕ್ಕನ್ನು ಬಾಯಿಯ ಅಂಚಿನುದ್ದಕ್ಕೂ ಕಟರ್‌ನಿಂದ ಸೀಳಿ, ಮೂಲೆಯಿಂದ ಎಳೆಯಿರಿ. ಫೋಮ್ ಹೊರ ತಗಡಿಗೆ ಅಂಟಿಕೊಂಡೇ ಇರುತ್ತದೆ. ಅಗಲ ಪುಟ್ಟಿ ಪಟ್ಟಿಯಿಂದ ಹೆರೆದು, ಉಳಿದದ್ದನ್ನು ತಂತಿ ಬ್ರಷ್ಷಿನಿಂದ ಉಜ್ಜಿ. ಒಂದಿಡೀ ದಿನದ ಕೆಲಸ. ಬೇಗ ಮುಗಿಯಲಿ ಎಂದು ಹೀಟ್ ಗನ್ ಹಿಡಿಯುವುದಾಗಲಿ, ಸುಟ್ಟು ತೆಗೆಯುವುದಾಗಲಿ ಕೂಡದು. ಬಹಳ ಹಳೆಯ ಫ್ರಿಜ್ಜಿನಲ್ಲಿ ಫೋಮ್ ಬದಲು ಗ್ಲಾಸ್‌ವೂಲ್ ಇರಬಹುದು. ಮಾಸ್ಕ್, ಕೈಗವಸು, ಪೂರ್ತಿ ತೋಳಿನ ಅಂಗಿ ಇಲ್ಲದೆ ಮುಟ್ಟಿದರೆ ಎರಡು ದಿನ ಮೈ ತುರಿಸುತ್ತದೆ.

ಒಂದು ಎಚ್ಚರ. ಫ್ರಿಜ್ಜಿಗೆ ಗಟ್ಟಿತನ ಬರುವುದು ತಗಡಿನಿಂದಲ್ಲ, ಫೋಮಿನಿಂದ. ಫೋಮ್ ಹೋದ ಮೇಲೆ ಪೆಟ್ಟಿಗೆ ಹಳೇ ಟಿನ್ ಡಬ್ಬದಂತೆ ನುಲಿಯುತ್ತದೆ, ಬಾಗಿಲು ಕೂರುವುದಿಲ್ಲ. ಒಂದು ಪಕ್ಕ ಕೆರೆದ ಕೂಡಲೇ ಆ ಪಕ್ಕದ ಮೂಲೆಗಳಿಗೆ 20 ಮಿ.ಮೀ. ಎಲ್ ಆ್ಯಂಗಲ್ ಇಟ್ಟು ಪಾಪ್ ರಿವೆಟ್ ಹೊಡೆಯಿರಿ, ಆಮೇಲೆ ಮುಂದಿನ ಪಕ್ಕ. ನಾಲ್ಕನ್ನೂ ಕೆರೆದು ಕೊನೆಗೆ ಆ್ಯಂಗಲ್ ಹಾಕಲು ಹೋದರೆ ಚೌಕ ಸಿಗುವುದಿಲ್ಲ.

ಒಳಗಿದ್ದ ತಂತಿ ಜಾಲರಿಗಳ ಆಸೆ ಬಿಡಿ. ಅವುಗಳ ಹೊಳಪು ಲೇಪನದ್ದು. ಲೇಪನ ಸತುವಿನದ್ದೋ ಕ್ಯಾಡ್ಮಿಯಂನದ್ದೋ ಕಣ್ಣಿಗೆ ಗೊತ್ತಾಗುವುದಿಲ್ಲ, ಎರಡೂ ಬಿಸಿ ಮಾಂಸದ ಕೆಳಗೆ ಇರಬಾರದವು.

4. ಒಳಪೆಟ್ಟಿಗೆ ಮತ್ತು ರಾಕ್‌ವೂಲ್

ತಗಡು: 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, 0.8 ಮಿ.ಮೀ. ದಪ್ಪ, 8 ಅಡಿಗೆ 4 ಅಡಿಯ ಒಂದು ಶೀಟ್. ತೂಕ ಸುಮಾರು 19 ಕೆ.ಜಿ. ಒಳಪೆಟ್ಟಿಗೆ, ಬಾಗಿಲ ಒಳಪದರ, ಜಿಡ್ಡಿನ ತಟ್ಟೆ ಎಲ್ಲ ಇದರಲ್ಲೇ ಹುಟ್ಟುತ್ತವೆ. ಅಗ್ಗವೆಂದು ಜಿಐ (ಸತು ಲೇಪಿಸಿದ ಕಬ್ಬಿಣದ) ಶೀಟ್ ತರಬೇಡಿ. ಹೊಗೆಯ ಆಮ್ಲ ಸತುವನ್ನು ತಿನ್ನುತ್ತದೆ, ಅದು ಬೀಳುವುದು ಮಾಂಸದ ಮೇಲೆ.

ಅಳತೆ ಹೊರಪೆಟ್ಟಿಗೆಯಿಂದ ಒಳಕ್ಕೆ ಲೆಕ್ಕಹಾಕಿ. ನಡುವೆ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ, ಶಾಖ ತಡೆಯುವ ನಾರಿನ ಹಾಸು) ತುಂಬಲು ಎಲ್ಲ ಕಡೆ 50 ಮಿ.ಮೀ. ಬಿಡಬೇಕು. ಹೊರಗೆ 54 ಸೆಂ.ಮೀ. ಅಗಲವಿದ್ದರೆ ಒಳಪೆಟ್ಟಿಗೆ 44 ಅಲ್ಲ, 43 ಮಾಡಿಸಿ: ರಾಕ್‌ವೂಲನ್ನು ಅದುಮಿ ತುರುಕಿದರೆ ಅದರ ಗುಣವೇ ಹೋಗುತ್ತದೆ. ಹಿಂದೆ ಕೆಳಗೆ ಕಂಪ್ರೆಸರ್ ಕೂತಿದ್ದ ಮೆಟ್ಟಿಲನ್ನೂ ಅಳತೆಗೆ ಹಿಡಿಯಿರಿ. ಫ್ಯಾಬ್ರಿಕೇಶನ್ ಶಾಪಿನಲ್ಲಿ ಮಡಚಿಸಿ ಒಳಮೂಲೆಗಳನ್ನು ಟಿಗ್ ವೆಲ್ಡ್ ಮಾಡಿಸಿ. ರಿವೆಟ್ ಆದರೂ ನಡೆಯುತ್ತದೆ, ಆದರೆ ಸ್ಟೀಲ್ ರಿವೆಟ್ಟೇ ಇರಬೇಕು, ತಳಕ್ಕೆ ಮಾತ್ರ ವೆಲ್ಡೇ ಬೇಕು. ತಳದ ಸಂದಿನಿಂದ ಜಿಡ್ಡು ರಾಕ್‌ವೂಲಿಗೆ ಇಳಿದರೆ ಅದು ಎಣ್ಣೆ ಕುಡಿದ ಬತ್ತಿಯಂತೆ ಆಗುತ್ತದೆ.

ಬಾಗಿಲಿಗೆ ಓವನ್‌ಗೆ ಹಾಕುವ ಸಿಲಿಕಾನ್ ಗ್ಯಾಸ್ಕೆಟ್ ಹಾಕಿ. ಫೈಬರ್‌ಗ್ಲಾಸ್ ಹಗ್ಗ ಅಗ್ಗ, ಆದರೆ ಸವೆದಂತೆ ಎಳೆ ಉದುರುತ್ತದೆ. ಹಳೆಯ ಮ್ಯಾಗ್ನೆಟ್ ಹೋಗಿರುವುದರಿಂದ ಹೊರಗಡೆ ಮೇಲೊಂದು ಕೆಳಗೊಂದು ಎಳೆದು ಬಿಗಿಯುವ ಟಾಗಲ್ ಕೊಂಡಿ ಬೇಕು. ಕೆಲಸವಿಲ್ಲದ ದಿನ ಬೀಗ ಹಾಕಿಡಿ. ಮಕ್ಕಳು ಆಟಕ್ಕೆ ಒಳಗೆ ಹೊಕ್ಕು ಬಾಗಿಲೆಳೆದುಕೊಂಡರೆ ಒಳಗಿನಿಂದ ತೆರೆಯಲಾಗದು.

5. ಗಾಳಿಯ ದಾರಿ

ಕಹಿಯ ಮೂಲ ಇಲ್ಲಿದೆ. ಫ್ರಿಜ್ ಹುಟ್ಟಿರುವುದೇ ಗಾಳಿ ಆಡದಂತೆ ಇರಲು. ಸ್ಮೋಕರಿಗೆ ಬೇಕಾದ್ದು ಅದಕ್ಕೆ ತದ್ವಿರುದ್ಧ. ಹೊಗೆ ಮಾಂಸವನ್ನು ಸವರಿಕೊಂಡು ಹೊರಗೆ ಹೋಗುತ್ತಲೇ ಇರಬೇಕು. ಒಳಗೇ ನಿಂತರೆ ತಣ್ಣಗಾಗಿ, ಡಾಂಬರಿನಂಥ ಅಂಟು ಮಾಂಸದ ಮೇಲೆ ಕೂರುತ್ತದೆ.

ಕೆಳಗೆ ಎರಡೂ ಪಕ್ಕ 25 ಮಿ.ಮೀ.ನ ಎರಡೆರಡು ತೂತು, ಪ್ರತಿಯೊಂದಕ್ಕೂ ಸ್ಟೀಲ್ ಪೈಪಿನ ತುಂಡು ತೂರಿಸಿ, ಮೇಲೆ ತಿರುಗುವ ಮುಚ್ಚಳ. ಮೇಲೆ 75 ಮಿ.ಮೀ.ನ ಸ್ಟೀಲ್ ಚಿಮಣಿ, ಎತ್ತರ 40ರಿಂದ 50 ಸೆಂ.ಮೀ., ತುದಿಗೆ ಮಳೆ ಟೋಪಿ. ಚಿಮಣಿಯನ್ನು ಚಾವಣಿಯ ನಡುವೆ ಇಡಬೇಡಿ, ಹಿಂಬದಿಯ ಮೂಲೆಗೆ ಸರಿಸಿ. ತಣ್ಣನೆ ಚಿಮಣಿಯಲ್ಲಿ ಹಬೆ ನೀರಾಗಿ ಕರೀ ಹನಿ ಜಾರುತ್ತದೆ. ನಡುವೆ ಇದ್ದರೆ ಅದು ನೇರ ಮಾಂಸಕ್ಕೆ ತೊಟ್ಟಿಕ್ಕುತ್ತದೆ. ಚಿಮಣಿಯ ಡ್ಯಾಂಪರಿಗೆ (ದಾರಿಯನ್ನು ಕಿರಿದುಮಾಡುವ ತಿರುಗು ಬಿಲ್ಲೆ) ಒಂದು ತಡೆ ಬೆಸೆಯಿಸಿ, ಎಷ್ಟೇ ತಿರುಗಿಸಿದರೂ ಕಾಲು ಭಾಗ ತೆರೆದೇ ಇರುವಂತೆ.

ಶಾಖ ಏರುತ್ತಿಲ್ಲವೆಂದು ಚಿಮಣಿ ಮುಚ್ಚುವುದು ಎಲ್ಲರೂ ಮಾಡುವ ತಪ್ಪು. ಶಾಖ ಸಾಲದಿದ್ದರೆ ಹೀಟರ್ ನೋಡಿ, ಬಾಗಿಲ ಸಂದು ನೋಡಿ, ಬೇಕಾದರೆ ಕೆಳಗಿನ ತೂತು ಸ್ವಲ್ಪ ಮುಚ್ಚಿ. ಚಿಮಣಿಗೆ ಕೈಹಾಕಬೇಡಿ.

6. ಹೀಟರ್ ಎರಡು ಬೇಕು

ಅರ್ಧ ಗಂಟೆಯಲ್ಲಿ ಹೊಗೆ ನಿಲ್ಲುವ ದೂರಿಗೆ ಉತ್ತರ ಇಷ್ಟೇ. ಒಂದೇ ಹೀಟರಿನ ಮೇಲೆ ಕಟ್ಟಿಗೆ ಚೂರಿನ ಬಾಣಲೆ ಇಟ್ಟು, ಅದನ್ನೇ ಥರ್ಮೋಸ್ಟ್ಯಾಟಿಗೆ ಜೋಡಿಸಿದರೆ, ಪೆಟ್ಟಿಗೆ 110 ಮುಟ್ಟಿದ ಕೂಡಲೇ ಹೀಟರ್ ಆರುತ್ತದೆ. ಒಳ್ಳೆಯ ರಾಕ್‌ವೂಲ್ ಹಾಕಿದಷ್ಟೂ ಹೆಚ್ಚು ಹೊತ್ತು ಆರಿರುತ್ತದೆ. ಕಟ್ಟಿಗೆ ಹೊಗೆಯಾಡಲು 250 ಡಿಗ್ರಿಗಿಂತ ಮೇಲೆ ಬೇಕು. ಹೀಟರ್ ಆರಿದರೆ ಅದು ಸುಮ್ಮನೆ ಬೆಚ್ಚಗಿರುತ್ತದೆ. ಪೆಟ್ಟಿಗೆ ಚೆನ್ನಾಗಿ ಕಟ್ಟಿದವರಿಗೇ ಈ ತೊಂದರೆ ಜಾಸ್ತಿ.

ಆದ್ದರಿಂದ ಶಾಖಕ್ಕೆ 1000 ವ್ಯಾಟಿನ ಸ್ಟೀಲ್ ಟ್ಯೂಬ್ ಹೀಟರ್, ಅದು ಶಾಖ ನೋಡಿಕೊಳ್ಳುವ ಕಂಟ್ರೋಲರ್ ಅಡಿಯಲ್ಲಿ. ಹೊಗೆಗೆ 500 ವ್ಯಾಟಿನ ಚಿಕ್ಕ ಹಾಟ್‌ಪ್ಲೇಟ್, ಅದಕ್ಕೆ ಅದರದೇ ಸ್ವಿಚ್, ಕಂಟ್ರೋಲರ್ ಹಂಗಿಲ್ಲ. ಪ್ಲೇಟಿನ ಮೇಲೆ ದಪ್ಪ ಕಬ್ಬಿಣದ ಬಾಣಲೆ, ತೂತಿರುವ ಮುಚ್ಚಳ. ಮುಚ್ಚಳ ಇಲ್ಲದಿದ್ದರೆ ಚೂರುಗಳು ಹೊಗೆಯಾಡದೆ ಉರಿದುಬಿಡುತ್ತವೆ.

ಕೆಳಗಿನಿಂದ ಮೇಲಕ್ಕೆ ಜೋಡಣೆ ಹೀಗೆ: ತಳದಲ್ಲಿ ಎರಡೂ ಹೀಟರ್, ಅವುಗಳ ಮೇಲೆ 15 ಸೆಂ.ಮೀ. ಬಿಟ್ಟು ಜಿಡ್ಡಿನ ತಟ್ಟೆ, ಗೋಡೆಯಿಂದ ಸುತ್ತಲೂ 3 ಸೆಂ.ಮೀ. ಸಂದು ಇರುವಂತೆ, ತಟ್ಟೆಯಲ್ಲಿ ಬೆರಳು ದಪ್ಪ ನೀರು, ಅದಕ್ಕಿಂತ 20 ಸೆಂ.ಮೀ. ಮೇಲೆ ಮೊದಲ ಸ್ಟೀಲ್ ಜಾಲರಿ. ಆ ತಟ್ಟೆ ಇಲ್ಲದೆ ಒಂದು ದಿನವೂ ಓಡಿಸಬೇಡಿ. ಹಂದಿಯ ಕೊಬ್ಬು ಕೆಂಪಗೆ ಕಾದ ಹೀಟರಿಗೆ ತೊಟ್ಟಿಕ್ಕಿದರೆ ಬೆಂಕಿಯೇ ಗತಿ.

7. ವೈರಿಂಗ್

ಎರಡೂ ಹೀಟರ್ ಸೇರಿ 1500 ವ್ಯಾಟ್. 230 ವೋಲ್ಟಿನಲ್ಲಿ ಸುಮಾರು 6.5 ಆ್ಯಂಪಿಯರ್. 16 ಆ್ಯಂಪಿಯರಿನ ಪ್ಲಗ್, 2.5 ಚದರ ಮಿ.ಮೀ. ವೈರ್, ಮುಂದೆ 30 ಮಿಲಿಆ್ಯಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರುವ ಸ್ವಿಚ್). ಪೆಟ್ಟಿಗೆಯೊಳಗೆ ಓಡುವ ವೈರ್ ಫೈಬರ್‌ಗ್ಲಾಸ್ ತೋಳಿನದ್ದಿರಲಿ, ಮಾಮೂಲಿ ಪಿವಿಸಿ ವೈರ್ ಅಲ್ಲಿ ಕರಗುತ್ತದೆ. ಹೊರಪೆಟ್ಟಿಗೆ, ಒಳಪೆಟ್ಟಿಗೆ, ಬಾಗಿಲು ಮೂರಕ್ಕೂ ಅರ್ಥಿಂಗ್ ಬೇಕು. ನಡುವೆ ರಾಕ್‌ವೂಲ್ ಇರುವುದರಿಂದ ಒಂದಕ್ಕೆ ಕೊಟ್ಟರೆ ಇನ್ನೊಂದಕ್ಕೆ ತಲುಪುತ್ತದೆಂಬ ಖಾತ್ರಿ ಇಲ್ಲ. ಕೈ ಪಳಗಿಲ್ಲದಿದ್ದರೆ ಈ ಹಂತವನ್ನು ಎಲೆಕ್ಟ್ರಿಷಿಯನ್‌ಗೆ ಬಿಡಿ.

ಕಂಟ್ರೋಲರಿಗೆ ರೆಕ್ಸ್-ಸಿ100 ಮಾದರಿಯ ಪಿಐಡಿ (ಶಾಖವನ್ನು ಹದದಲ್ಲಿಡುವ ಸಾಧನ), ಕೆ ಟೈಪ್ ಥರ್ಮೋಕಪಲ್ (ಶಾಖ ಅಳೆಯುವ ವೈರ್), ಹೀಟ್‌ಸಿಂಕ್ ಸಮೇತ ಎಸ್‌ಎಸ್‌ಆರ್ (ಪಿಐಡಿ ಹೇಳಿದಂತೆ ಹೀಟರ್ ಹಚ್ಚಿ ಆರಿಸುವ ಎಲೆಕ್ಟ್ರಾನಿಕ್ ಸ್ವಿಚ್). ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮೂರೂ ಸಿಗುತ್ತವೆ. ಕೊಳ್ಳುವಾಗ ಒಂದು ಅಕ್ಷರ ನೋಡಿ: ಮಾಡೆಲ್ ಕೋಡಿನ ಕೊನೆಯ ಭಾಗ ವಿ ಎಂದು ಶುರುವಾದರೆ ಎಸ್‌ಎಸ್‌ಆರ್ ಓಡಿಸುವಂಥದ್ದು, ಎಂ ಎಂದಿದ್ದರೆ ರಿಲೇ. ರಿಲೇ ಮಾದರಿಯಿಂದ ಎಸ್‌ಎಸ್‌ಆರ್‌ಗೆ ವೋಲ್ಟೇಜ್ ಬರುವುದೇ ಇಲ್ಲ. ನಕಲಿಗಳಲ್ಲಿ ಲೇಬಲ್ ನಂಬುವಂತಿಲ್ಲ. ಶಾಖ ಬೇಡುವಾಗ ಔಟ್‌ಪುಟ್ಟಿಗೆ ಮಲ್ಟಿಮೀಟರ್ ಹಿಡಿದರೆ ಸುಮಾರು 12 ವೋಲ್ಟ್ ಡಿಸಿ ತೋರಿಸಬೇಕು. ಪೆಟ್ಟಿಗೆ ಬಿಸಿಯಾದಂತೆ ಡಿಸ್‌ಪ್ಲೇಯಲ್ಲಿ ಅಂಕಿ ಇಳಿಯುತ್ತಿದ್ದರೆ ಥರ್ಮೋಕಪಲ್ ವೈರ್ ತಿರುಗುಮುರುಗಾಗಿದೆ.

ಎಸ್‌ಎಸ್‌ಆರ್ ಕೆಟ್ಟಾಗ ಸಾಮಾನ್ಯವಾಗಿ ಆರುವುದಿಲ್ಲ, ಆನ್ ಆಗಿಯೇ ನಿಂತುಬಿಡುತ್ತದೆ. ಕಂಟ್ರೋಲರ್ ಎಷ್ಟು ಬೇಡವೆಂದರೂ ಹೀಟರ್ ಕಾಯುತ್ತಲೇ ಇರುತ್ತದೆ. ಅದಕ್ಕಾಗಿ 150 ಡಿಗ್ರಿಗೆ ಕಡಿದುಹೋಗುವ, ಕೈಯಿಂದ ಒತ್ತಿದರಷ್ಟೇ ಮತ್ತೆ ಸೇರುವ ಬೈಮೆಟಲ್ ಥರ್ಮೋಸ್ಟ್ಯಾಟನ್ನು ಹೀಟರುಗಳ ಫೇಸ್ ವೈರಿಗೆ ಸರಣಿಯಲ್ಲಿ ಹಾಕಿ. ಅದು ಒಳಪೆಟ್ಟಿಗೆಯ ಚಾವಣಿಗೆ ಒತ್ತಿಕೊಂಡಿರಲಿ. ಕೈ ತೂರುವಷ್ಟು ಚಿಕ್ಕ ಮುಚ್ಚಳ ಹೊರಚಾವಣಿಯಲ್ಲಿ ಬಿಡಿ. ಹತ್ತಾರು ರೂಪಾಯಿಯ ಈ ಬಿಲ್ಲೆ ಇಲ್ಲದ ಸ್ಮೋಕರನ್ನು ಒಂಟಿಯಾಗಿ ಬಿಟ್ಟು ಮಲಗಬಾರದು. ಇದ್ದರೂ ಮಲಗದಿರುವುದೇ ಒಳ್ಳೆಯದು.

ಥರ್ಮೋಕಪಲ್ ತುದಿ ಮಾಂಸ ಇಡುವ ಜಾಲರಿಯ ಮಟ್ಟದಲ್ಲಿರಲಿ, ಮಾಂಸದಿಂದಲೂ ಗೋಡೆಯಿಂದಲೂ 5 ಸೆಂ.ಮೀ. ದೂರ.

8. ಖಾಲಿ ಓಟ

ಒಳಪೆಟ್ಟಿಗೆಯನ್ನು ಪಾತ್ರೆ ತೊಳೆಯುವ ಸೋಪಿನಿಂದ ತೊಳೆಯಿರಿ. ತಗಡಿನ ಮೇಲೆ ಮೆಷಿನ್ ಎಣ್ಣೆ ಇರುತ್ತದೆ. ಮಾಂಸವಿಲ್ಲದೆ 130 ಡಿಗ್ರಿಗೆ ನಾಲ್ಕು ಗಂಟೆ ಓಡಿಸಿ, ಕೊನೆಯ ಎರಡು ಗಂಟೆ ಹೊಗೆಯನ್ನೂ ಕೊಡಿ. ಆಮೇಲೆ 110ಕ್ಕೆ ಇಳಿಸಿ ಪಿಐಡಿಯ ಆಟೋಟ್ಯೂನ್ (ಪೆಟ್ಟಿಗೆಗೆ ತಕ್ಕಂತೆ ತಾನೇ ಹೊಂದಿಸಿಕೊಳ್ಳುವ ವ್ಯವಸ್ಥೆ) ಹಚ್ಚಿ. ಪೇಂಟ್ ವಾಸನೆ ಚಿಮಣಿಯ ಬುಡದಿಂದ ಬಂದರೆ ಹೊರಗಿನ ಬಣ್ಣ ಸುಡುತ್ತಿದೆ, ಅಲ್ಲಿ ಕೆರೆದು ತೆಗೆಯಿರಿ. ಪ್ಲಾಸ್ಟಿಕ್ ವಾಸನೆ ಬಂದರೆ ಎಲ್ಲೋ ಫೋಮ್ ಉಳಿದಿದೆ. ಮೂರನೇ ಹಂತಕ್ಕೆ ವಾಪಸ್, ಬೇರೆ ದಾರಿಯಿಲ್ಲ. ಹೊರಗೋಡೆಗೆ ಅಂಗೈ ಇಟ್ಟು ನೋಡಿ: ಬೆಚ್ಚಗಿರಬೇಕು, ಕೈ ತೆಗೆಯುವಂತೆ ಸುಡುತ್ತಿದ್ದರೆ ಆ ಜಾಗದಲ್ಲಿ ರಾಕ್‌ವೂಲ್ ಕುಸಿದಿದೆ.

ಮಾಂಸಕ್ಕೆ ಚುಚ್ಚುವ ಥರ್ಮಾಮೀಟರನ್ನು ಕುದಿಯುವ ನೀರಲ್ಲಿ ಪರೀಕ್ಷಿಸಿ. ಮಂಗಳೂರಿನಲ್ಲಿ 100 ತೋರಿಸಬೇಕು, ಬೆಂಗಳೂರಿನಲ್ಲಿ ಸುಮಾರು 97, ಮಡಿಕೇರಿಯಲ್ಲಿ 96. ಎತ್ತರದ ಊರಿನಲ್ಲಿ 97 ಕಂಡು ಥರ್ಮಾಮೀಟರ್ ಕೆಟ್ಟಿದೆ ಎಂದು ಎಸೆಯಬೇಡಿ. ಅನುಮಾನವಿದ್ದರೆ ಮಂಜುಗಡ್ಡೆ ಪುಡಿಮಾಡಿದ ನೀರಿನಲ್ಲಿ ಸೊನ್ನೆ ನೋಡಿ.

ಜಾಗ ಯಾವಾಗಲೂ ಬಯಲು. ಬಾಲ್ಕನಿ, ಗ್ಯಾರೇಜ್, ಶೀಟ್ ಹೊದಿಸಿದ ಹಿತ್ತಿಲು ಬೇಡ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ, ಅದಕ್ಕೆ ವಾಸನೆ ಇಲ್ಲ. ಮಳೆನೀರು ತಾಗದಂತೆ ಮಾತ್ರ ನೋಡಿಕೊಳ್ಳಿ.

9. ಕಟ್ಟಿಗೆ

ಸೀಬೆ, ಹಲಸು, ಹುಣಸೆ, ಮತ್ತು ಸಿಕ್ಕಿದರೆ ಕಾಫಿ ಗಿಡದ ಕಟ್ಟಿಗೆ. ಕಡಿದು ಆರು ತಿಂಗಳಾದರೂ ಒಣಗಿರಬೇಕು, ಹೆಬ್ಬೆರಳ ಉಗುರಿನಷ್ಟು ಚೂರಾಗಿರಬೇಕು. ತೆಂಗಿನ ಚಿಪ್ಪೂ ಆಗುತ್ತದೆ. ನೀಲಗಿರಿ, ಬೇವು, ಸರ್ವೆ ಬೇಡ. ಗೇರುಮರವೂ ಬೇಡ. ಕಣಗಿಲೆಯನ್ನು ಹತ್ತಿರವೂ ತರಬೇಡಿ, ಅದರ ಹೊಗೆಯೇ ವಿಷ. ಸಾಮಿಲ್ಲಿನ ಹೊಟ್ಟಿನಲ್ಲಿ ಯಾವ ಮರ, ಯಾವ ಗೆದ್ದಲು ಔಷಧಿ ಎಂದು ಯಾರಿಗೂ ಗೊತ್ತಿರುವುದಿಲ್ಲ.

ಚೂರುಗಳನ್ನು ನೆನೆಸುವ ಅಭ್ಯಾಸ ಬಿಡಿ. ನೆನೆದ ಕಟ್ಟಿಗೆಯಿಂದ ಮೊದಲು ಬರುವುದು ಹಬೆ. ಒಂದು ಸಲಕ್ಕೆ ಎರಡು ಹಿಡಿ ಚೂರು, ಸುಮಾರು 60 ಗ್ರಾಂ, 40 ನಿಮಿಷಕ್ಕೊಮ್ಮೆ. ಚಿಮಣಿಯಿಂದ ಬರುವ ಹೊಗೆ ಊದುಬತ್ತಿಯದರಂತೆ ತೆಳ್ಳಗೆ, ತುಸು ನೀಲಿಯಾಗಿ ಕಾಣಬೇಕು. ಒದ್ದೆ ಕಟ್ಟಿಗೆಯ ಒಲೆಯಿಂದ ಬರುವಂಥ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಮಾಂಸ ಒಳಗಿಡಬೇಡಿ, ಕಾಯಿರಿ. ಮೊದಲ ಮೂರು ಗಂಟೆಯ ಹೊಗೆ ಸಾಕು, ಆಮೇಲೆ ಬರೀ ಶಾಖ.

10. ಮೊದಲ ಮಾಂಸ ಕೋಳಿಯದ್ದಿರಲಿ

ಮೊದಲ ದಿನವೇ ಐದು ಕೆ.ಜಿ. ಹಂದಿ ನೇತುಹಾಕುವ ಉತ್ಸಾಹ ಬೇಡ. ಕೋಳಿ ಕಾಲು ಒಂದು ಕೆ.ಜಿ., ಕೆ.ಜಿ.ಗೆ 15 ಗ್ರಾಂ ಉಪ್ಪು ಸವರಿ ರಾತ್ರಿ ಫ್ರಿಜ್ಜಿನಲ್ಲಿ ಮುಚ್ಚದೆ ಇಡಿ. ಬೆಳಿಗ್ಗೆ ಚರ್ಮ ಒಣಗಿ, ಬೆರಳಿಗೆ ತುಸು ಅಂಟಿದಂತಾಗಿರುತ್ತದೆ. ಹೊಗೆ ಹಿಡಿಯುವುದು ಆ ಪದರಕ್ಕೆ. ಒದ್ದೆ ಚರ್ಮಕ್ಕೆ ಹಿಡಿಯುವುದು ಮಸಿ. ಸ್ಮೋಕರ್ 120 ಮುಟ್ಟಿದ ಮೇಲೆ ಒಳಗಿಡಿ, ಒಂದೂವರೆಯಿಂದ ಎರಡು ಗಂಟೆ. ಮೂಳೆ ತಾಗದಂತೆ ದಪ್ಪ ಭಾಗಕ್ಕೆ ಚುಚ್ಚಿದಾಗ 74 ಡಿಗ್ರಿ ದಾಟಿರಲೇಬೇಕು, ಕಾಲಿನ ಮಾಂಸ 80ಕ್ಕೆ ಇನ್ನೂ ಚೆನ್ನ.

ಹಂದಿಯ ಹೊಟ್ಟೆಭಾಗವನ್ನು ಬೇಕನ್ ಮಾಡುವುದಾದರೆ ಒಂದು ಕೆ.ಜಿ. ಮಾಂಸಕ್ಕೆ 22 ಗ್ರಾಂ ಉಪ್ಪು, 10 ಗ್ರಾಂ ಬೆಲ್ಲ, 2.5 ಗ್ರಾಂ ನಂ. 1 ಕ್ಯೂರಿಂಗ್ ಸಾಲ್ಟ್ (ಮಾಂಸ ಕೆಡದಂತೆ ಹದಮಾಡುವ, ಗುಲಾಬಿ ಬಣ್ಣ ಬೆರೆಸಿದ ಉಪ್ಪು). ಕೊನೆಯದರಲ್ಲಿ 6.25% ಸೋಡಿಯಂ ನೈಟ್ರೈಟ್ ಇರುತ್ತದೆ. ಸಣ್ಣ ತಕ್ಕಡಿಯಲ್ಲಿ ತೂಗಿ, ಚಮಚದ ಅಂದಾಜು ಬೇಡ, ಹೆಚ್ಚಾದರೆ ವಿಷ. ಅದು ಗುಲಾಬಿ ಬಣ್ಣದ್ದೆಂದು ಸೈಂಧವ ಲವಣ ಹಾಕುವವರಿದ್ದಾರೆ. ಸೈಂಧವದಲ್ಲಿ ನೈಟ್ರೈಟ್ ಇಲ್ಲ, ಅದು ಬಣ್ಣದ ಉಪ್ಪಷ್ಟೆ. ಕ್ಯೂರಿಂಗ್ ಸಾಲ್ಟ್ ಡಬ್ಬಿಯನ್ನೂ ಅಡುಗೆಮನೆಯ ಉಪ್ಪಿನ ಸಾಲಿನಿಂದ ದೂರ ಇಡಿ. ಇವೆಲ್ಲ ಸವರಿ ಜಿಪ್ ಕವರಿಗೆ ಹಾಕಿ, 4 ಡಿಗ್ರಿಗಿಂತ ಕೆಳಗೆ ಏಳು ದಿನ, ದಿನಕ್ಕೊಮ್ಮೆ ಮಗುಚಿ. ತೊಳೆದು, ಒರೆಸಿ, ಒಂದು ರಾತ್ರಿ ಒಣಗಿಸಿ. 90 ಡಿಗ್ರಿಯಲ್ಲಿ ಒಳಶಾಖ 68 ಆಗುವವರೆಗೆ ಹೊಗೆ ಹಾಕಿ. ತಿನ್ನುವ ಮೊದಲು ಹೇಗೂ ಬಾಣಲೆಯಲ್ಲಿ ಮತ್ತೆ ಹುರಿಯುತ್ತೀರಿ.

ಕ್ಯೂರ್ ಮಾಡದ ಹಂದಿಯ ಭುಜದ ತುಂಡಾದರೆ 110 ಡಿಗ್ರಿಯಲ್ಲಿ, ಎಳೆ ಬಿಡುವಂತೆ ಬೇಕಿದ್ದರೆ ಒಳಶಾಖ 93 ಆಗುವವರೆಗೆ. ಎರಡು ಕೆ.ಜಿ.ಗೆ ಎಂಟು ಹತ್ತು ಗಂಟೆ ಹಿಡಿಯುತ್ತದೆ. 65ರಿಂದ 75ರ ನಡುವೆ ಎಲ್ಲೋ ಒಂದು ಕಡೆ ಮುಳ್ಳು ಗಂಟೆಗಟ್ಟಲೆ ಕದಲುವುದಿಲ್ಲ. ಸ್ಮೋಕರ್ ಕೆಟ್ಟಿಲ್ಲ, ಮಾಂಸ ಬೆವರಿ ತಣ್ಣಗಾಗುತ್ತಿದೆ. ಶಾಖ ಏರಿಸಬೇಡಿ. ಆದರೆ ಆರಂಭದಲ್ಲಿ ನಾಲ್ಕು ಗಂಟೆಯೊಳಗೆ ಒಳಶಾಖ 60 ದಾಟದಿದ್ದರೆ ಆ ತುಂಡು ತೀರಾ ದಪ್ಪವಾಯಿತು. ಅದನ್ನು ತಿನ್ನಬೇಡಿ, ಮುಂದಿನ ಸಲ ತೆಳ್ಳಗೆ ಕೊಯ್ಯಿರಿ.

ಒಲೆಯ ಮೇಲಿನ ಅಟ್ಟದಲ್ಲಿ ವಾರಗಟ್ಟಲೆ ಒಣಗಿದ ಮಾಂಸ ಕೆಡದಿರುವುದು ನೀರಿನಂಶ ಹೋಗಿರುವುದರಿಂದ. ಇಲ್ಲಿ ಎಂಟು ಗಂಟೆಯಲ್ಲಿ ಬೇಯುವ ಮಾಂಸ ಹಾಗಲ್ಲ, ಇದು ಬೇಯಿಸಿದ ಅಡುಗೆಯೇ. ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ, ಅದಕ್ಕಿಂತ ಹೆಚ್ಚಿಗೆ ಬೇಕಿದ್ದರೆ ಫ್ರೀಜರ್.

ಒಳಗೆ ಬೆಂಕಿ ಹೊತ್ತಿಕೊಂಡರೆ

ಚಿಮಣಿಯಿಂದ ಕಪ್ಪು ಹೊಗೆ, ಡಿಸ್‌ಪ್ಲೇಯಲ್ಲಿ ಅಂಕಿ ಓಡುತ್ತಾ ಏರುತ್ತಿದೆ ಎಂದರೆ ಜಿಡ್ಡಿಗೆ ಬೆಂಕಿ ಬಿದ್ದಿದೆ. ಬಾಗಿಲು ತೆರೆಯಬೇಡಿ, ಗಾಳಿ ಸಿಕ್ಕಿದ ಕೂಡಲೇ ಉರಿ ಮುಖಕ್ಕೇ ಬರುತ್ತದೆ. ಮೇನ್ ಸ್ವಿಚ್ ಆರಿಸಿ, ಕೆಳಗಿನ ನಾಲ್ಕೂ ಮುಚ್ಚಳ ಮುಚ್ಚಿ, ಡ್ಯಾಂಪರ್ ತಡೆಯವರೆಗೆ ತಿರುಗಿಸಿ. ನೀರು ಎರಚಬೇಡಿ. ಅರ್ಧ ಗಂಟೆ ಬಿಟ್ಟು, ಅಂಕಿ 60ರ ಕೆಳಗೆ ಇಳಿದ ಮೇಲೆ ಪಕ್ಕಕ್ಕೆ ನಿಂತು ತೆರೆಯಿರಿ. ಎಬಿಸಿ ಪುಡಿಯ ಅಗ್ನಿಶಾಮಕ ಸಿಲಿಂಡರ್ ಕೈಗೆಟುಕುವಲ್ಲಿರಲಿ, ಸ್ಮೋಕರಿನ ಹಿಂದೆ ಅಲ್ಲ.

ಪ್ರತಿ ಸಲ ಜಿಡ್ಡಿನ ತಟ್ಟೆ ತೊಳೆಯಿರಿ. ಗೋಡೆಯ ಕಂದು ಹೊಳಪು ಇದ್ದಷ್ಟೂ ಒಳ್ಳೆಯದು, ಉಜ್ಜಬೇಡಿ. ಆದರೆ ಚಿಮಣಿಯೊಳಗೆ ಕರೀ ಚಕ್ಕೆ ಎದ್ದು ಉದುರತೊಡಗಿದರೆ ಅದನ್ನು ಕೆರೆದು ತೆಗೆದ ಮೇಲೇ ಮುಂದಿನ ಮಾಂಸ.